ಕುರಿ ನಿಂತ ಹೊಲದ ಅನುಮಾನ

ಉದ್ಘಾಟನೆಯ ಭಾಷಣದಲ್ಲಿ ಮುಖ್ಯ ಅತಿಥಿಗಳು, ಪ್ರಶ್ನೆ ಕೇಳುವ ಯುವಜನರೇ ಈ ದೇಶದ ನಿಜವಾದ ಆಸ್ತಿ ಎಂದರು. ಭಾಷಣ ಮುಗಿದ ಕೂಡಲೇ ನಾನು ಕೈ ಎತ್ತಿದೆ. ನಿರೂಪಕಿ ನನ್ನ ಕಡೆ ನೋಡಿ ನಕ್ಕು, ಪ್ರಶ್ನೋತ್ತರಕ್ಕೆ ಸಮಯವಿಲ್ಲ, ಎಲ್ಲರೂ ಅಲ್ಪೋಪಹಾರಕ್ಕೆ ಹಿಂದಿನ ಅಂಗಳಕ್ಕೆ ಬರಬೇಕು ಎಂದು ಸಾರಿದರು. ಇದನ್ನು ದೂರಾಗಿ ಹೇಳುತ್ತಿಲ್ಲ. ಅವಲಕ್ಕಿ ಬಿಸಿಯಾಗಿತ್ತು, ಮೇಲೆ ಹಸಿ ಕೊಬ್ಬರಿ ಉದುರಿಸಿದ್ದರು, ನಿಂಬೆಹಣ್ಣಿನ ಹೋಳನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರು. ನನ್ನ ಪ್ರಶ್ನೆಗೆ ಬರಬಹುದಾಗಿದ್ದ ಉತ್ತರಕ್ಕಿಂತ ಅದು ಖಂಡಿತ ಚೆನ್ನಾಗಿತ್ತು.

ವಿದ್ಯಾಪೀಠದ ಸ್ನಾತಕೋತ್ತರ ಸಂಶೋಧನ ಮೇಳ ಆ ಸಲ ಮರಾಠಿ ಸೀಮೆಯ ಗಡಿಯಂಚಿನ ನಮ್ಮ ಜತ್ತದ ಕಾಲೇಜಿಗೇ ಬಂದಿತ್ತು. ಬೇರೆ ವರ್ಷಗಳಲ್ಲಿ ನಾವು ಪೋಸ್ಟರ್ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎಸ್.ಟಿ. ಬಸ್ಸು ಹತ್ತಬೇಕಾಗುತ್ತಿತ್ತು. ಈಗ ಅವರೇ ನಮ್ಮಲ್ಲಿಗೆ ಬಂದಿದ್ದರು. ಸಾಂಗ್ಲಿಯ ಆಚೆಯಿಂದ ಬಂದ ಹುಡುಗರು ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಮರಾಠಿಯಲ್ಲಿ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ಅಂಗಡಿಯವನು ಕನ್ನಡದಲ್ಲಿ ಒಳಗೆ ಕೂಗಿ ವಿಚಾರಿಸಿ, ಮರಾಠಿಯಲ್ಲಿ ಉತ್ತರ ಕೊಟ್ಟು, ಹಿಂದಿಯಲ್ಲಿ ಚಿಲ್ಲರೆ ಕೇಳುತ್ತಿದ್ದ. ಅವರಿಗೆ ಅದು ಆಶ್ಚರ್ಯ. ನಮಗೆ ಅವರ ಆಶ್ಚರ್ಯವೇ ಆಶ್ಚರ್ಯ.

ನಮ್ಮದು ಇಬ್ಬರ ತಂಡ, ವಿಷಯ ಭೂಗೋಳ, ಎಂ.ಎಸ್ಸಿ.ಯ ಕೊನೆಯ ವರ್ಷ. ನಾನು ವಳಸಂಗದವಳು. ಮನೆಗೆ ಸ್ವಲ್ಪ ಹೊಲ, ರಸ್ತೆಯ ಮೇಲೊಂದು ಕಿರಾಣಿ ಅಂಗಡಿ. ಗೆಳತಿ ಬೆಳುಂಕಿಯ ಕಡೆಯವಳು, ಅವಳ ಅಪ್ಪ ಕುರಿ ಮೇಯಿಸುತ್ತಾರೆ. ಇಬ್ಬರೂ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಕಾಲೇಜಿಗೆ ಬಂದ ಮೇಲೆ ಮರಾಠಿಯಲ್ಲಿ ಪರೀಕ್ಷೆ ಬರೆದವರು. ಯೋಚನೆ ಕನ್ನಡದಲ್ಲಿ ಶುರುವಾಗಿ ಉತ್ತರಪತ್ರಿಕೆಯ ಮೇಲೆ ಮರಾಠಿಯಾಗಿ ಇಳಿಯುತ್ತದೆ. ಎರಡೂ ಭಾಷೆಗಳಲ್ಲಿ ಒಂದೇ ಥರ ಇರುವ ಪದಗಳು ರಾಶಿಗಟ್ಟಲೆ ಇವೆ. ಅವನ್ನು ನಾವು ಅನುವಾದ ಮಾಡುವುದಿಲ್ಲ, ಲಿಪಿ ಬದಲಿಸುತ್ತೇವೆ, ಅಷ್ಟೇ.

ನನ್ನ ಇನ್ನೊಂದು ಓದು ವಾದವಿವಾದ ಸ್ಪರ್ಧೆಗಳಲ್ಲಿ ಆದದ್ದು. ಶಾಲೆಯಲ್ಲಿ ಅದನ್ನು ಕಲಿಸಿದ ಸರ್ ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು: "ಎದುರಿನವನ ಮಾತು ಅವನಕಿಂತ ಜೋರ ನೀನ ಹೇಳು. ಆಮ್ಯಾಲೆ ಉತ್ತರ ಕೊಡು. ಬಹುಶಃ, ಇರಬಹುದು, ಹಂಗೇನೂ ಬ್ಯಾಡ. ಗಟ್ಟಿ ಹೇಳು." ಆ ಅಭ್ಯಾಸ ಇನ್ನೂ ಹೋಗಿಲ್ಲ. ಮನೆಯಲ್ಲಿ ನನ್ನವ್ವ ಸಾರಿಗೆ ಉಪ್ಪು ಸಾಕೇ ಎಂದು ನನ್ನನ್ನು ಕೇಳುವುದನ್ನು ಬಿಟ್ಟೇಬಿಟ್ಟಿದ್ದಾಳೆ.

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ರೈತರು ಕುರಿಗಾರರನ್ನು ಕರೆದು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ, ಉಚ್ಚೆ ಎಲ್ಲ ಹೊಲಕ್ಕೇ ಬೀಳುತ್ತದೆ. ಗೊಬ್ಬರದ ಗಾಡಿ ಹೊಡೆಯುವ ಕೆಲಸ ಉಳಿಯುತ್ತದೆ. ನಾವು ಹಾಗೆ ಕುರಿ ನಿಂತ ಹೊಲಗಳ ಮಣ್ಣನ್ನೂ, ಪಕ್ಕದಲ್ಲೇ ಕುರಿ ನಿಲ್ಲದ ಹೊಲಗಳ ಮಣ್ಣನ್ನೂ ತಂದು ಪರೀಕ್ಷೆ ಮಾಡಿದೆವು. ಕುರಿ ನಿಂತ ಮಣ್ಣು ಎಲ್ಲದರಲ್ಲೂ ಮೇಲು. ಹಸಿ ಹೆಚ್ಚು ಹಿಡಿಯುತ್ತಿತ್ತು, ಕಸುವೂ ಹೆಚ್ಚಿತ್ತು. ಗೆಳತಿ ಹಿಗ್ಗಿದಳು. ನನಗೆ ಮಾತ್ರ ಎಲ್ಲ ಇಷ್ಟು ಸಲೀಸಾಗಿ ಬಂದರೆ ಊಟ ಸೇರುವುದಿಲ್ಲ. ಒಂದು ದಿನ ಅವಳ ಅಪ್ಪನನ್ನೇ ಕೇಳಿದೆ.

"ಕಾಕಾ, ಯಾವ ಹೊಲದಾಗ ಕುರಿ ನಿಲ್ಲಸಬೇಕು ಅನ್ನೂದು ಹೆಂಗ ಠರಸ್ತೀರಿ?"

"ಚಲೋ ಹೊಲ ನೋಡಿ ನಿಲ್ಲಸ್ತೀವಿ ಯವ್ವಾ," ಎಂದರು ಅವರು. "ಕೆಟ್ಟ ಹೊಲದಾಗ ಯಾರರ ನಿಲ್ಲಸ್ತಾರ?"

ಅಂದು ಸಂಜೆ ನಾನು ಬಹಳ ಸಂತೋಷದಲ್ಲಿದ್ದೆ ಎಂದು ಗೆಳತಿ ಇಂದಿಗೂ ಆಡಿಕೊಳ್ಳುತ್ತಾಳೆ. ಎದುರಾಳಿಯ ವಾದದಲ್ಲಿ ತೂತು ಸಿಕ್ಕಿತ್ತು. ಎದುರಾಳಿ ನಾವೇ ಆಗಿದ್ದೆವು ಎಂಬುದು ಬೇರೆ ಮಾತು.

"ಮುಗೀತು ನೋಡು ನಿನ್ನ ಸಂಶೋಧನ," ಎಂದೆ.

"ಅದರಾಗ ನಿನ್ನ ಹೆಸರೂ ಅದ ಬೇ."

"ಚಲೋ ಹೊಲಾನ ಆರಿಸಿ ಕುರಿ ನಿಲ್ಲಸೂದು, ಆಮ್ಯಾಲೆ ಹೊಲ ಚಲೋ ಅದ ಅನ್ನೂದು. ಇದು ಕುರಿ ಗುಣಾನೋ, ಹೊಲದ ಗುಣಾನೋ?"

"ಎರಡೂ."

"ಎರಡೂ ಅನ್ನೂದು ಉತ್ತರ ಅಲ್ಲ."

"ನಿನಗ ಅಲ್ಲ. ಕುರಿಗಿ ಅಷ್ಟ ಸಾಕು."

ಈ ಸಂದೇಹವನ್ನು ಪೋಸ್ಟರಿನಲ್ಲೇ ಹಾಕಬೇಕು ಎಂಬುದು ನನ್ನ ಹಟ. ಅವಳಿಗೆ ಸುತರಾಂ ಮನಸ್ಸಿರಲಿಲ್ಲ. "ಸ್ಪರ್ಧಾಕ್ಕ ಹೊಂಟೀವಿ. ನಮ್ಮ ಮ್ಯಾಲೆ ನಾವ ಕೇಸ ಹಾಕ್ಕೊಳ್ಳೂದು ಯಾಕ?" ಎಂದಳು. ಅವಳು ಹೆದರಲು ಕಾರಣವಿತ್ತು. ಮೇಳದಲ್ಲಿ ಆಯ್ಕೆಯಾದ ಯೋಜನೆಯವರಿಗೆ ವಿದ್ಯಾಪೀಠದ ಪ್ರಯೋಗಶಾಲೆಯಲ್ಲಿ ಇನ್ನೊಂದು ವರ್ಷ ಕೆಲಸ ಮುಂದುವರಿಸಲು ಜಾಗ ಸಿಗುತ್ತಿತ್ತು. ನಾನು ಹೇಗೂ ವಕೀಲಿ ಓದಲು ಹೋಗುವವಳು. ಆ ಜಾಗ ಬೇಕಾಗಿದ್ದದ್ದು ಅವಳಿಗೆ. ಅವಳ ಸೋದರಮಾವ ಆಗಲೇ ಬಿ.ಎಡ್.ಗೆ ಹೆಸರು ಹಚ್ಚಲು ತಯಾರಾಗಿ ನಿಂತಿದ್ದ. ಮೇಳದಲ್ಲಿ ಆರಿಸಿದರೆ ಮಣ್ಣು, ಇಲ್ಲದಿದ್ದರೆ ಬಿ.ಎಡ್. ಎಂದು ಮನೆಯಲ್ಲಿ ಮಾತಾಗಿತ್ತು. ಅವಳಿಗೆ ಮಕ್ಕಳಿಗೆ ಪಾಠ ಹೇಳುವುದು ಕಷ್ಟವೇನಲ್ಲ. ಮಣ್ಣು ಕೈಗೆ ತೆಗೆದುಕೊಂಡಾಗ ಅವಳ ಮುಖ ಆಗುವ ರೀತಿ ಮಾತ್ರ ಬೇರೆ.

ಕೊನೆಗೆ ನಾನು ಬೇರೆ ದಾರಿ ಹಿಡಿದೆ. "ಅನುಮಾನ ಇಲ್ಲಂದ್ರ ಮುಂದಿನ ವರ್ಷ ಪ್ರಯೋಗಶಾಳಾದಾಗ ಏನ ಮಾಡ್ತಿ? ಅಳದದ್ದನ್ನ ಮತ್ತ ಅಳೀತಿ?"

ಅವಳು ಸುಮ್ಮನಾದಳು. ವಾದದಲ್ಲಿ ಅವಳು ಸುಮ್ಮನಾದರೆ ಒಪ್ಪಿದಳೆಂದು ಅರ್ಥವಲ್ಲ, ಉತ್ತರ ಹುಡುಕುತ್ತಿದ್ದಾಳೆಂದು ಅರ್ಥ. ಅಂದು ಸಿಗಲಿಲ್ಲ.

ಪೋಸ್ಟರನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಅವಳು ಮೊಬೈಲಿನಲ್ಲಿ ಮರಾಠಿ ಮಾಡಿ ಹೊಡೆಯುತ್ತ ಹೋದಳು. ಉದ್ದೇಶ, ಪದ್ಧತಿ, ನಿರೀಕ್ಷಣ, ನಿಷ್ಕರ್ಷ. ಕೊನೆಯ ಚೌಕಕ್ಕೆ ತಲೆಬರಹ ಏನು ಎಂದಳು. "ಅನುಮಾನ" ಎಂದೆ. ಅವಳು ಅದನ್ನು ಹಾಗೆಯೇ ಮರಾಠಿ ಲಿಪಿಯಲ್ಲಿ ಹೊಡೆದಳು. ಮೊಬೈಲು ಕೆಳಗೆ ಕೆಂಪು ಗೆರೆಯನ್ನೂ ಎಳೆಯಲಿಲ್ಲ. ಅದರ ಕೆಳಗಿನ ವಾಕ್ಯಗಳನ್ನು ನಾನು ನಮ್ಮ ಸರ್ ಹೇಳಿಕೊಟ್ಟ ಹಾಗೆ, ಬಹುಶಃ ಇಲ್ಲದೆ, ಇರಬಹುದು ಇಲ್ಲದೆ, ಗಟ್ಟಿಯಾಗಿ ಹೇಳಿದೆ. ಕುರಿ ನಿಲ್ಲಿಸಿದ ಹೊಲಗಳು ಮೊದಲೇ ಒಳ್ಳೆಯ ಹೊಲಗಳು. ಮಣ್ಣು ಸುಧಾರಿಸಿದ್ದು ಕುರಿಯಿಂದಲ್ಲ. ಮಾರ್ಗದರ್ಶಕ ಮ್ಯಾಡಮ್ ಮಿರಜದ ಕಡೆಯವರು, ಮನೆಮಾತು ಮರಾಠಿ. ಬಸ್ಸಿನಲ್ಲಿ ಕುಳಿತು ಮೊಬೈಲಿನ ಮೇಲೆ ನಮ್ಮ ಪೋಸ್ಟರನ್ನು ಸರಸರ ನೋಡಿ, ತಲೆಬರಹಗಳೆಲ್ಲ ಕ್ರಮವಾಗಿವೆ, ಮುದ್ರಿಸಿ ಎಂದರು.

ಮುದ್ರಿಸುವ ಅಂಗಡಿಯವನು ತನ್ನ ಕಡೆಯಿಂದಲೂ ಒಂದು ಉಪಕಾರ ಮಾಡಿದ್ದ. ನಾವು ಕೊಟ್ಟ ಫೋಟೋ ಸ್ಪಷ್ಟವಿಲ್ಲವೆಂದು ಎಲ್ಲಿಂದಲೋ ಬೇರೆ ಕುರಿಗಳನ್ನು ತಂದು ಹಾಕಿದ್ದ. ಹತ್ತಿಯ ಹಾಗೆ ಬೆಳ್ಳಗೆ, ದುಂಡಗೆ, ಮೊಣಕಾಲುದ್ದದ ಹಸಿರು ಹುಲ್ಲಿನಲ್ಲಿ ನಿಂತಿದ್ದವು. ನಮ್ಮ ಕಡೆಯ ಕರಿ ಕುರಿಗಳು ಅಂಥ ಹುಲ್ಲನ್ನು ಕನಸಿನಲ್ಲೂ ಕಂಡಿರಲಾರವು. ಬದಲಿಸಲು ಹೊತ್ತಿರಲಿಲ್ಲ.

ಮೇಳದ ಸಭಾಗೃಹದಲ್ಲಿ ನಮ್ಮ ಎಡಕ್ಕೆ ದಾಳಿಂಬೆಗೆ ಔಷಧ ಸಿಂಪಡಿಸುವ ಯಂತ್ರ ಇತ್ತು. ನಾಲ್ಕು ಗಾಲಿ, ಒಂದು ಪೈಪು, ಹುಡುಗರ ಕೈಯಲ್ಲಿ ರಿಮೋಟು. ಸಪಾಟು ನೆಲದ ಮೇಲೆ ಚೆನ್ನಾಗಿ ಓಡುತ್ತಿತ್ತು. ಇದು ಹೆಂಟೆಗಳ ಮೇಲೆ ಓಡುತ್ತದೆಯೇ ಎಂದು ಕೇಳಿದೆ. ಮುಂದಿನ ಆವೃತ್ತಿಯಲ್ಲಿ ಎಂದರು. ಅವರ ಪೋಸ್ಟರಿನ ಕೊನೆಯಲ್ಲೂ "ಅನುಮಾನ" ಎಂಬ ಚೌಕವಿತ್ತು. ಕೆಳಗೆ, "ಈ ಯಂತ್ರವು ಎಲ್ಲ ರೈತರಿಗೂ ಅತ್ಯಂತ ಉಪಯುಕ್ತವಾಗಿದೆ" ಎಂದಿತ್ತು. ಎಷ್ಟು ಪ್ರಾಮಾಣಿಕರು, ನನಗೂ ಅದರ ಮೇಲೆ ಅನುಮಾನವೇ ಎಂದುಕೊಂಡು ಮುಂದೆ ಹೋದೆ. ಆಗಲೇ ತಲೆಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೇಳದ ನಿಯಮ ಹೀಗಿತ್ತು: ತಂಡದಲ್ಲಿ ಒಬ್ಬರು ಮಾತ್ರ ಮಾತನಾಡಬೇಕು, ಇನ್ನೊಬ್ಬರು ಸಹಾಯಕರು, ಅವರು ತುಟಿ ಬಿಚ್ಚುವಂತಿಲ್ಲ. ಮ್ಯಾಡಮ್ ಮಾತಿನ ಕೆಲಸ ಗೆಳತಿಗೆ ಕೊಟ್ಟಿದ್ದರು. "ನೀನು ಪರೀಕ್ಷಕರ ಜೊತೆ ವಾದ ಮಾಡಿ ಗೆದ್ದುಬಿಡುತ್ತೀ," ಎಂದು ನನಗೆ ಕಾರಣ ಕೊಟ್ಟಿದ್ದರು. ಕೊರಳಿಗೆ "ಸಹಾಯಕ" ಎಂಬ ಬಿಲ್ಲೆ ಹಾಕಿಕೊಂಡು ಪೋಸ್ಟರಿನ ಪಕ್ಕ ಕಂಬದ ಹಾಗೆ ನಿಂತೆ.

ಪರೀಕ್ಷಕರು ಮಣ್ಣಿನ ಶಾಸ್ತ್ರದ ಹಿರಿಯ ಪ್ರಾಧ್ಯಾಪಕರು, ನರೆತ ಕೂದಲು, ಎರಡೂ ಕೈ ಬೆನ್ನ ಹಿಂದೆ. ಬಂದವರು ಮೊದಲು ಬಿಳಿ ಕುರಿಗಳನ್ನು ನೋಡಿದರು. ಆಮೇಲೆ ಸೀದಾ ಕೊನೆಯ ಚೌಕಕ್ಕೆ ಬಾಗಿದರು. ಮಾತೆಲ್ಲ ಮರಾಠಿಯಲ್ಲಿ.

"ಕುರಿಯಿಂದ ಮಣ್ಣು ಸುಧಾರಿಸುವುದಿಲ್ಲ. ಇದು ನಿಮ್ಮ ಅನುಮಾನವೇ?"

"ಹೌದು ಸರ್," ಎಂದಳು ಗೆಳತಿ. ಅವರು ಅದನ್ನೇ ಮೊದಲು ಗಮನಿಸಿದರೆಂದು ಅವಳಿಗೆ ಖುಷಿ. "ನಮ್ಮ ಮುಖ್ಯ ಅನುಮಾನವೇ ಅದು. ಅದಕ್ಕೇ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ."

"ಮೇಲೆ ನಿಷ್ಕರ್ಷದಲ್ಲಿ ಸುಧಾರಿಸುತ್ತದೆ ಎಂದಿದ್ದೀರಲ್ಲ?"

"ಅದೂ ನಿಜ ಸರ್."

"ಎರಡೂ ನಿಜವೇ?"

"ಸದ್ಯಕ್ಕೆ ಎರಡೂ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. ದೂರದಲ್ಲಿ ನಿಂತಿದ್ದ ಮ್ಯಾಡಮ್ಮರ ಮುಖ ಇಳಿಯುತ್ತಿರುವುದು ನನಗೆ ಕಂಡಿತು. ಪಕ್ಕದ ದಾಳಿಂಬೆ ಯಂತ್ರದ ಹುಡುಗ ನಗು ತಡೆಯಲು ತನ್ನದೇ ಪೋಸ್ಟರಿನ ಕಡೆ ತಿರುಗಿಕೊಂಡ. ನಾನೂ ಅತ್ತ ತಿರುಗಿದೆ. ಈ ಯಂತ್ರವು ಎಲ್ಲ ರೈತರಿಗೂ ಅತ್ಯಂತ ಉಪಯುಕ್ತ. ಅನುಮಾನ. ಆಗ ತಲೆಯಲ್ಲಿ ದೀಪ ಹತ್ತಿತು.

ಮರಾಠಿಯಲ್ಲಿ ಅನುಮಾನ ಎಂದರೆ ಕಂಡದ್ದರಿಂದ ತರ್ಕ ಮಾಡಿ ಹೊರಡಿಸಿದ ತೀರ್ಮಾನ. ಅಲ್ಲಿನ ಮಕ್ಕಳು ಶಾಲೆಯ ಪ್ರಯೋಗದ ಕೊನೆಗೆ ಅದನ್ನೇ ಬರೆಯುತ್ತಾರೆ. ನಮ್ಮಲ್ಲೂ ತರ್ಕಶಾಸ್ತ್ರದ ಪುಸ್ತಕಗಳಲ್ಲಿ ಆ ಅರ್ಥ ಉಂಟು. ಆದರೆ ಹಾಲಿಗೆ ನೀರು ಬೆರೆತಿದೆ ಎಂದು ನಮ್ಮವ್ವನಿಗೆ ಅನುಮಾನ ಬಂದಾಗ ಅವಳು ತರ್ಕಶಾಸ್ತ್ರ ನೋಡಿರುವುದಿಲ್ಲ. ಒಂದೇ ಪದ. ಅವರಿಗೆ ಅಲ್ಲಿ ಮಾತು ಮುಗಿಯುತ್ತದೆ, ನಮಗೆ ಅಲ್ಲಿ ಮಾತು ಶುರುವಾಗುತ್ತದೆ. ನಮ್ಮ ಪೋಸ್ಟರನ್ನು ಮರಾಠಿಯವರು ಓದಿದರೆ, ನಾವು ಮೇಲೆ ಒಂದು ತೀರ್ಮಾನ ಬರೆದು ಕೆಳಗೆ ಅದನ್ನೇ ಅಳಿಸಿದ ಹಾಗೆ.

ಪರೀಕ್ಷಕರು ಅಂಕದ ಹಾಳೆ ಮೇಲೆತ್ತಿಕೊಂಡರು. ನಾನು ನಿಯಮ ಮುರಿದೆ, ಆದರೆ ಕನ್ನಡದಲ್ಲಿ.

"ಅವರ ಅನುಮಾನ ಅಂದ್ರ ತೀರ್ಮಾನ ಬೇ. ನಮ್ಮದಲ್ಲ."

"ಸಹಾಯಕರು ಮಾತಾಡುವಂತಿಲ್ಲ," ಎಂದರು ಅವರು.

ನಾನು ಬಾಯಿ ಮುಚ್ಚಿದೆ. ನಾನು ಮಾತನಾಡಲಾರದೆ ನಿಂತು ನೋಡಿದ ವಾದ ಅದೊಂದೇ, ಮತ್ತು ಅದು ನಾನು ಕೇಳಿದ ವಾದಗಳಲ್ಲಿ ಅತ್ಯಂತ ಚೆಂದದ್ದು ಎಂದು ಒಪ್ಪಿಕೊಳ್ಳಲು ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು.

ಗೆಳತಿ ಒಮ್ಮೆ ಪಕ್ಕದ ಪೋಸ್ಟರನ್ನು, ಒಮ್ಮೆ ನಮ್ಮದನ್ನು ನೋಡಿದಳು. ಕಿವಿ ಕೆಂಪಾದವು. ಆಮೇಲೆ ನಿಧಾನವಾಗಿ ಹೇಳಿದಳು: "ಸರ್, ತಪ್ಪಾಗಿದೆ. ನಾವು ಕನ್ನಡ ಶಾಲೆಯಲ್ಲಿ ಓದಿದವರು. ನಮ್ಮಲ್ಲಿ ಅನುಮಾನ ಅಂದರೆ ಶಂಕೆ."

"ಶಂಕೆಯೇ? ಯಾರ ಮೇಲೆ?"

"ನಮ್ಮ ಮೇಲೆಯೇ ಸರ್. ಕುರಿಗಾರರು ಒಳ್ಳೆಯ ಹೊಲವನ್ನೇ ಆರಿಸುತ್ತಾರೆ ಎನ್ನುವುದಾದರೆ, ನಾವು ಅಳೆದದ್ದು ಕುರಿಯನ್ನೋ ಹೊಲವನ್ನೋ ನಮಗೇ ಗೊತ್ತಿಲ್ಲ."

ಹಾಳೆ ಸ್ವಲ್ಪ ಕೆಳಗಿಳಿಯಿತು. "ಹಾಗಾದರೆ ಗೊತ್ತು ಮಾಡಿಕೊಳ್ಳುವುದು ಹೇಗೆ?"

"ಹೊಲಗಳ ಹೆಸರು ಬರೆದು ಚೀಟಿ ಎತ್ತಬೇಕು ಸರ್. ಬಂದ ಚೀಟಿಯ ಹೊಲದಲ್ಲಿ ಕುರಿ ನಿಲ್ಲಿಸಬೇಕು, ಉಳಿದದ್ದರಲ್ಲಿ ಬಿಡಬೇಕು. ನಿಲ್ಲಿಸುವ ಮೊದಲೂ ಆಮೇಲೂ ಎಲ್ಲ ಹೊಲಗಳ ಮಣ್ಣು ತೆಗೆಯಬೇಕು. ಅದಕ್ಕೆ ಒಂದು ವರ್ಷ ಬೇಕು." ಅವಳು ಕೊನೆಯ ಚೌಕವನ್ನು ಬೆರಳಿನಿಂದ ಮುಟ್ಟಿದಳು. "ಈಗ ಇದು ಕನ್ನಡದ ಅನುಮಾನ. ವರ್ಷ ಕೊಟ್ಟರೆ ಮರಾಠಿಯ ಅನುಮಾನ ಮಾಡಿ ಕೊಡುತ್ತೇವೆ."

ಪರೀಕ್ಷಕರು ತುಟಿ ಬಿಗಿಹಿಡಿದು ನಕ್ಕರು. ನಗು ಮೂಗಿನಿಂದ ಹೊರಗೆ ಬಂತು. "ಚೀಟಿ ಹೇಳಿದ ಕಡೆ ಕುರಿ ನಿಲ್ಲಿಸಲು ಯಾವ ಕುರಿಗಾರ ಒಪ್ಪುತ್ತಾನೆ?" ಎಂದರು.

"ನಮ್ಮ ಅಪ್ಪ ಒಪ್ಪುತ್ತಾರೆ ಸರ್."

ಅಪ್ಪನನ್ನು ಅವಳು ಕೇಳಿಯೇ ಇರಲಿಲ್ಲ. ನನಗೆ ಗೊತ್ತಿತ್ತು, ಆದರೆ ನಾನು ಸಹಾಯಕ.

"ಫಲಿತಾಂಶಕ್ಕೆ ಮೊದಲು ಅವರ ಒಪ್ಪಿಗೆ ತಿಳಿಸು," ಎಂದು ಹೇಳಿ ಅವರು ದಾಳಿಂಬೆ ಯಂತ್ರದ ಕಡೆ ಹೋದರು.

ಮಧ್ಯಾಹ್ನ ಕಾಕಾ ತಾವಾಗಿಯೇ ಬಂದರು. ಜತ್ತದಲ್ಲಿ ಬೇರೆ ಕೆಲಸವಿತ್ತಂತೆ, ಹಾಗೇ ಮಗಳ ಮೇಳ ನೋಡಿಹೋಗೋಣ ಎಂದು. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಧೂಳು. ಬಾಗಿಲಲ್ಲಿದ್ದ ಸ್ವಯಂಸೇವಕ ಅವರನ್ನು ಅತಿಥಿಗಳ ಊಟದ ಕಡೆ ಕಳಿಸಿದ್ದ, ಅಲ್ಲಿ ಊಟವನ್ನೂ ಮುಗಿಸಿಕೊಂಡು ಬಂದಿದ್ದರು. ಪೋಸ್ಟರಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಇವ ಯಾರ ಕುರಿ?"

"ಅಂಗಡ್ಯಾಂವ ಹಾಕ್ಯಾನ ಅಪ್ಪಾ."

"ನಮ್ಮವಕ್ಕ ಏನಾಗಿತ್ತ? ಮಾರಿ ಚಲೋ ಇಲ್ಲೇನ?"

ಗೆಳತಿ ಚೀಟಿಯ ವಿಷಯ ಹೇಳಿದಳು. ಕಾಕಾ ನಕ್ಕೇಬಿಟ್ಟರು. "ಕುರಿ ಎಲ್ಲಿ ನಿಂದ್ರಬೇಕು ಅಂತ ಚೀಟಿ ಹೇಳತದ? ನಾಳಿ ನಾ ಎಲ್ಲಿ ಉಣಬೇಕು ಅನ್ನೂದಕ್ಕೂ ಒಂದ ಚೀಟಿ ಎತ್ತ."

"ಅಪ್ಪಾ, ನೀವ ಚಲೋ ಹೊಲ ಆರಸಿದ್ರ ನಮ್ಮ ಲೆಕ್ಕ ತಪ್ಪತದ."

"ಚಲೋ ಹೊಲ ಬಿಟ್ಟು ಕೆಟ್ಟ ಹೊಲಕ್ಕ ಹೋಗಲೇನ? ಆ ಊರ ಹೊರಗಿನ ಹೊಲದಾಂವನ ಕಡೆ? ನೀರ ಕೇಳಿದ್ರ ಬಾವಿ ತೋರಸ್ತಾನ ಅಂವ. ಒಂದ ವಾಟಗ ಚಹಾ ಇಲ್ಲ, ಜ್ವಾಳ ಇಲ್ಲ."

ನನಗೆ ಏನೋ ಕುಟುಕಿತು. ಈಗ ಪರೀಕ್ಷಕರಿರಲಿಲ್ಲ, ಮಾತನಾಡಬಹುದಿತ್ತು. "ಕಾಕಾ, ಆ ಹೊಲದ ಮಣ್ಣ ಹೆಂಗ ಅದ?"

"ಮಣ್ಣೇನ, ಎರಿ ಮಣ್ಣು. ಭಾಳ ಚಲೋ."

"ಮತ್ತ ಕೆಟ್ಟ ಹೊಲ ಅಂದ್ರಿ?"

ಅವರು ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದರು. "ಹೊಲದಾಂವ ಚಲೋ ಇದ್ರ ಹೊಲ ಚಲೋ ಯವ್ವಾ. ರಾತ್ರಿ ಎಲ್ಲ ಅಲ್ಲೇ ಇರೂದಲ್ಲ ನಾವು."

ನಾನು ಮತ್ತು ಗೆಳತಿ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಾನು ಇಷ್ಟು ದಿನ ಮಣ್ಣಿನ ಮೇಲೆ ಕಟ್ಟಿದ್ದ ಅನುಮಾನ ಚಹಾದ ಮೇಲೆ ನಿಂತಿತ್ತು. ಆದರೆ ನೋಡಿ, ಅದರಿಂದ ಅನುಮಾನ ಸಾಯುವುದಿಲ್ಲ. ಚಹಾ ಧಾರಾಳವಾಗಿ ಕೊಡುವವರು ಗೊಬ್ಬರವನ್ನೂ ಧಾರಾಳವಾಗಿ ಹಾಕುವವರಾಗಿದ್ದರೆ? ಇದನ್ನು ಅಲ್ಲೇ ಹೇಳಿದೆ. ಗೆಳತಿ, "ಬಾಯಿ ಮುಚ್ಚತಿ ಏನು, ಮತ್ತ ಆ ಬಿಲ್ಲೆ ಹಾಕಲಿ?" ಎಂದಳು.

ಆಮೇಲೆ ನಡೆದದ್ದು ಶುದ್ಧ ವ್ಯಾಪಾರ. ಚೀಟಿ ಎತ್ತಬಹುದು, ಆದರೆ ಚಹಾ ಕೊಡುವವರ ಹೊಲಗಳ ಹೆಸರನ್ನಷ್ಟೇ ಬರೆಯಬೇಕು ಎಂದು ಕಾಕಾ ಪಟ್ಟು ಹಿಡಿದರು. ಹಾಗಾದರೆ ಅವರೆಲ್ಲರ ಹೆಸರನ್ನೂ ಬರೆಯಬೇಕು, ಬಂದ ಚೀಟಿ ಬೇಡ ಎನ್ನುವಂತಿಲ್ಲ ಎಂದು ಮಗಳು ಪಟ್ಟು ಹಿಡಿದಳು. ನಾನು ಮನಸ್ಸಿನಲ್ಲೇ ಇದರ ವಿರುದ್ಧ ವಾದ ಹುಡುಕಿದೆ, ಸಿಗಲಿಲ್ಲ. ಎಲ್ಲರೂ ಚಹಾ ಕೊಡುವವರೇ ಆದ ಮೇಲೆ, ಅವರೊಳಗೆ ಚೀಟಿ ಎತ್ತಿದರೆ ನನ್ನ ಹೊಸ ಅನುಮಾನಕ್ಕೂ ಅಲ್ಲಿ ಜಾಗವಿರುವುದಿಲ್ಲ.

"ನೀ ಮುಂದ ಕಲೀಬೇಕಂದ್ರ ಇದ ಆಗಬೇಕೇನ?" ಎಂದು ಕಾಕಾ ಕೊನೆಗೆ ಕೇಳಿದರು.

"ಹೂಂ ಅಪ್ಪಾ."

"ಮತ್ತ ಮೊದಲ ಹೇಳಬಾರದ? ಸುಮ್ಮ ಚೀಟಿ ಚೀಟಿ ಅಂತಿ."

ಪರೀಕ್ಷಕರು ಚಹಾ ಕುಡಿಯುತ್ತ ನಿಂತಿದ್ದಲ್ಲಿಗೆ ಕಾಕಾ ತಾವೇ ಹೋಗಿ, ಚೊಕ್ಕ ಮರಾಠಿಯಲ್ಲಿ ಒಪ್ಪಿಗೆ ಹೇಳಿಬಂದರು. ಷರತ್ತನ್ನೂ ಹೇಳಿದರಂತೆ. ಪರೀಕ್ಷಕರ ನಗು ಈ ಸಲ ಮೂಗಿನಲ್ಲಿ ನಿಲ್ಲಲಿಲ್ಲ, ಸಭಾಗೃಹದ ಈ ತುದಿಗೂ ಕೇಳಿಸಿತು.

ಸಂಜೆ ಫಲಿತಾಂಶ ಓದಿದರು. ಮೊದಲ ಬಹುಮಾನ ದಾಳಿಂಬೆ ಯಂತ್ರಕ್ಕೆ. ಅದು ಹೆಂಟೆಗಳ ಮೇಲೆ ಓಡುವ ದಿನ ನಾನೂ ಚಪ್ಪಾಳೆ ತಟ್ಟುತ್ತೇನೆ. ಪ್ರಯೋಗಶಾಲೆಯ ಜಾಗಕ್ಕೆ ಆಯ್ಕೆಯಾದವರಲ್ಲಿ ಗೆಳತಿಯ ಹೆಸರನ್ನು ಓದಿದಾಗ ಅವಳು ಎದ್ದು ನಿಲ್ಲುವುದನ್ನೇ ಮರೆತಳು. ನಾನು ಮೊಣಕೈಯಿಂದ ತಿವಿದೆ. ಮ್ಯಾಡಮ್ ನಮ್ಮಿಬ್ಬರ ತಲೆಯ ಮೇಲೂ ಕೈಯಿಟ್ಟು, ಇನ್ನು ಮುಂದೆ ಪ್ರತಿ ಪದವನ್ನೂ ಗಟ್ಟಿಯಾಗಿ ಓದಿಸಿ ಕೇಳುತ್ತೇನೆ ಎಂದರು. ಸೋದರಮಾವ ಬಿ.ಎಡ್. ವಿಚಾರವನ್ನು ಈಗ ಇನ್ನೊಬ್ಬ ಸೋದರಸೊಸೆಯ ಕಡೆ ತಿರುಗಿಸಿದ್ದಾನೆ.

ಪೋಸ್ಟರು ಕಾಕಾ ಪಾಲಿಗೆ ಹೋಯಿತು. ಬಿಳಿ ಕುರಿಗಳಿದ್ದ ಭಾಗ ಒಳಗೆ ಬರುವಂತೆ ಮಡಚಿ ಅದನ್ನು ಜೋಳದ ಕಣಿಕೆಯ ಬಣವಿಗೆ ಹೊದಿಸಿದ್ದಾರೆ. ದಾರಿಯಲ್ಲಿ ಹೋಗುವವರಿಗೆ ಕೊನೆಯ ಚೌಕ ಮಾತ್ರ ಕಾಣುತ್ತದೆ. ಅದನ್ನು ಯಾವ ಭಾಷೆಯಲ್ಲಿ ಓದಬೇಕು ಎಂಬುದು ಅವರವರಿಗೆ ಬಿಟ್ಟದ್ದು.

ಸುಗ್ಗಿ ಆದ ಮೇಲೆ ಬೆಳುಂಕಿಯ ಅವರ ಮನೆಯ ಕಟ್ಟೆಯ ಮೇಲೆ ಚೀಟಿ ಎತ್ತಿದೆವು. ಚಹಾ ಕೊಡುವವರ ಸಾಲಿನಲ್ಲಿ ಕಾಕಾ ನಮ್ಮ ಮನೆಯ ಹೆಸರನ್ನೂ ಬರೆಸಿದ್ದರು. ಮೊದಲ ಚೀಟಿ ಬಿಚ್ಚಿದರೆ ವಳಸಂಗದ ನಮ್ಮದೇ ಹೊಲ. ಇದು ಸರಿಯಲ್ಲ, ಸಂಶೋಧನೆ ಶುರು ಮಾಡಿದವಳ ಹೊಲ ಸಂಶೋಧನೆಯಲ್ಲಿ ಇರಕೂಡದು, ನಾಳೆ ಯಾರಾದರೂ ಕೇಳಿದರೆ ಉತ್ತರ ಏನು ಎಂದು ನಾನು ಎದ್ದು ನಿಂತು ವಾದ ಹೂಡಿದೆ.

"ಬಂದ ಚೀಟಿ ಬ್ಯಾಡ ಅನ್ನಂಗಿಲ್ಲ," ಎಂದಳು ಗೆಳತಿ. "ಲಗೂನ ಮನಿಗಿ ಹೋಗಿ ಚಹಾಕ್ಕ ಇಡು."

ಆ ಸಂಜೆ ಕರಿ ಕುರಿಗಳೆಲ್ಲ ನಮ್ಮ ಹೊಲಕ್ಕೆ ಇಳಿದವು. ಅದಕ್ಕೂ ಮೊದಲು ಗೆಳತಿ ಮೂಲೆ ಮೂಲೆಯ ಮಣ್ಣು ತೆಗೆದು ಚೀಲಗಳಿಗೆ ತುಂಬಿ ಕಟ್ಟಿಟ್ಟಿದ್ದಳು. ನಾನು ಶುಂಠಿ ಜಜ್ಜಿ ಹಾಕಿದ ಚಹಾ ಒಯ್ದು ಕೊಟ್ಟೆ. ಕಾಕಾ ಬದುವಿನ ಮೇಲೆ ಕುಳಿತು ನಿಧಾನವಾಗಿ ಕುಡಿದರು, ವಾಟಗ ಕೆಳಗಿಟ್ಟರು, ಕುರಿಗಳ ಕಡೆ ಒಮ್ಮೆ ನೋಡಿದರು.

"ಹೊಲ ಚಲೋ ಅದ," ಎಂದರು.